ಬಾಗಿಲು ಮುಚ್ಚಿದ ಮೇಲೆ ಆಡಿದ ಮಾತು: ಅಮೆರಿಕದ ಗುಲಾಮರ ನೆನಪುಗಳನ್ನು ಓದುವುದು ಹೇಗೆ?

ಜೂನ್ 19 ಬಂತೆಂದರೆ ಅಮೆರಿಕದಲ್ಲಿರುವ ಮಗಳೋ ಅಳಿಯನೋ ಫೋನಿನಲ್ಲಿ "ಇವತ್ತು ನಮಗೆ ರಜೆ" ಅನ್ನುತ್ತಾರೆ. ಆ ದಿನದ ಹೆಸರು ಜೂನ್‌ಟೀನ್ತ್. 2021ರಿಂದ ಅದು ಅಲ್ಲಿ ರಾಷ್ಟ್ರೀಯ ರಜಾದಿನ. 1865ರ ಜೂನ್ 19ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಎಂಬ ಬಂದರು ಊರಿನಲ್ಲಿ ಸೇನೆಯ ಜನರಲ್ ಗಾರ್ಡನ್ ಗ್ರೇಂಜರ್ ಒಂದು ಆದೇಶ ಹೊರಡಿಸಿದ. ಟೆಕ್ಸಸ್‌ನ ಗುಲಾಮರೆಲ್ಲ ಇನ್ನು ಸ್ವತಂತ್ರರು ಎಂದು ಅದು ಸಾರಿತು. ಅಧ್ಯಕ್ಷ ಲಿಂಕನ್ ಬಿಡುಗಡೆಯ ಘೋಷಣೆ ಮಾಡಿ ಆಗಲೇ ಎರಡೂವರೆ ವರ್ಷ ಕಳೆದಿತ್ತು.

ಆ ದಿನಗಳನ್ನು ಗುಲಾಮರಾಗಿಯೇ ಕಂಡವರು ಏನು ಹೇಳಿದ್ದಾರೆ? ತುಂಬಾ ಹೇಳಿದ್ದಾರೆ. 2,300ಕ್ಕೂ ಹೆಚ್ಚು ಜನರ ಮಾತು ಬರಹದಲ್ಲಿದೆ. ಕೆಲವರ ದನಿಯೂ ಉಳಿದಿದೆ. ಆದರೆ ಸುಮ್ನೆ ಯಾವುದೋ ಒಂದು ಪುಟ ತೆರೆದು ಓದಿದರೆ ತಲೆ ಕೆಡುತ್ತದೆ. ಒಬ್ಬರು "ನಮ್ಮ ಯಜಮಾನ ಬಹಳ ಒಳ್ಳೆಯವನು" ಅನ್ನುತ್ತಾರೆ. ಮುಂದಿನ ಪುಟದಲ್ಲಿ ಇನ್ನೊಬ್ಬರು "ಅದು ನರಕ" ಅನ್ನುತ್ತಾರೆ. ಇದರಲ್ಲಿ ಯಾವುದನ್ನು ನಂಬೋದು? ಅದನ್ನು ತಿಳಿಯಲು ಯಾರು ಕೇಳಿದರು, ಯಾವಾಗ ಕೇಳಿದರು, ಯಾರು ಬರೆದುಕೊಂಡರು ಅನ್ನುವುದನ್ನು ಮೊದಲು ನೋಡಬೇಕು.

ಗುಲಾಮಗಿರಿ ಅಂದರೆ ಏನಾಗಿತ್ತು?

ನಮಗೆ ಜೀತ ಗೊತ್ತು. ಸಾಲಕ್ಕಾಗಿ ಒಬ್ಬ ಮನುಷ್ಯ, ಕೆಲವು ಸಲ ಅವನ ಮಗ, ಮೊಮ್ಮಗ, ಒಡೆಯನ ಮನೆಯಲ್ಲಿ ದುಡಿಯುತ್ತಲೇ ಇರುವುದು. 1976ರ ಕಾಯ್ದೆ ಅದನ್ನು ರದ್ದು ಮಾಡಿತು. ಅಮೆರಿಕದ ಗುಲಾಮಗಿರಿ ಬೇರೆ ತರಹದ್ದು. ಅಲ್ಲಿ ತೀರಿಸಬೇಕಾದ ಸಾಲವೇ ಇರಲಿಲ್ಲ. ಕಾನೂನಿನ ಪ್ರಕಾರವೇ ಮನುಷ್ಯ ಇನ್ನೊಬ್ಬನ ಆಸ್ತಿ. ಅವನನ್ನು ಮಾರಬಹುದು, ಅಡವಿಡಬಹುದು, ಉಯಿಲಿನಲ್ಲಿ ಮಕ್ಕಳಿಗೆ ಬರೆದುಕೊಡಬಹುದು. ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಗುಲಾಮ. ತಂದೆ ಯಾರು ಅನ್ನುವುದು ಲೆಕ್ಕಕ್ಕೇ ಇಲ್ಲ.

1860ರ ಜನಗಣತಿಯ ಹೊತ್ತಿಗೆ ಹೀಗೆ ಬದುಕುತ್ತಿದ್ದವರು ಸುಮಾರು 39.5 ಲಕ್ಷ ಜನ. ಆ ಗಣತಿಯ ಪುಸ್ತಕದಲ್ಲಿ ಮಾಲೀಕನ ಹೆಸರಿದೆ. ಅವನ ಹೆಸರಿನ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇದೆ. ಅವರ ಹೆಸರು ಮಾತ್ರ ಸಾಮಾನ್ಯವಾಗಿ ಇಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಅಪರಾಧ. ಬಿಳಿಯರ ವಿರುದ್ಧ ಕೋರ್ಟಿನಲ್ಲಿ ಅವರ ಸಾಕ್ಷಿ ನಡೆಯುತ್ತಿರಲಿಲ್ಲ. ಕಾಗದದಲ್ಲಿ ಹೆಸರೇ ಇಲ್ಲದ ಈ ಜನ "ನಾನು" ಎಂದು ಶುರು ಮಾಡಿ ಹೇಳಿದ ಮಾತಿಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಓಡಿಹೋಗಿ ಬಿಡುಗಡೆ ಪಡೆದ ಕೆಲವರು ತಮ್ಮ ಬದುಕನ್ನು ತಾವೇ ಬರೆದರು. ಫ್ರೆಡರಿಕ್ ಡಗ್ಲಸ್ 1845ರಲ್ಲಿ, ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಪುಸ್ತಕ ತಂದರು. ಆದರೆ ಅವರು ತಪ್ಪಿಸಿಕೊಂಡವರು, ಓದು ಕಲಿತವರು. ಓಡಿಹೋಗದೆ, ಅಕ್ಷರ ಕಲಿಯದೆ ಅಲ್ಲೇ ಉಳಿದ ಲಕ್ಷಾಂತರ ಜನರ ಮಾತು ಸಿಗಲು ಇನ್ನೂ 70 ವರ್ಷ ಕಾಯಬೇಕಾಯಿತು.

"ನೇರ ನೆನಪು" ಅನ್ನುವುದಕ್ಕೂ ಸಮುದಾಯದ ನೆನಪಿಗೂ ವ್ಯತ್ಯಾಸ ಇದೆ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಹಿರಿಯರಲ್ಲಿ ಅನೇಕರು ಪೋರ್ಚುಗೀಸರು ಗೋವಾಕ್ಕೆ ಹಿಡಿದು ತಂದ ಆಫ್ರಿಕನ್ನರು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಇವತ್ತಿನ ಸಿದ್ದಿಗಳಿಗೆ ಅದು ಮುತ್ತಜ್ಜನ ಮುತ್ತಜ್ಜನಿಂದ ಇಳಿದು ಬಂದ ಕತೆ, ಹಾಡು, ದಮಾಮಿ ಕುಣಿತ. ನಾವು ಇಲ್ಲಿ ನೋಡುತ್ತಿರುವುದು ಹಾಗಲ್ಲ. ಹರಾಜಿನ ಕಟ್ಟೆಯ ಮೇಲೆ ಜನರನ್ನು ನಿಲ್ಲಿಸಿದ್ದನ್ನು ತಾವೇ ಕಂಡವರ, ಕೆಲವೊಮ್ಮೆ ತಾವೇ ನಿಂತವರ ಮಾತು.

ಕೇಳಿದವರು ಯಾರು?

ಮೊದಲು ಕೇಳಿದ್ದು ಕಪ್ಪು ಜನರೇ. 1929ರಲ್ಲಿ ಲೂಸಿಯಾನಾದ ಸದರ್ನ್ ವಿಶ್ವವಿದ್ಯಾಲಯದಲ್ಲಿ ಜಾನ್ ಕೇಡ್, ಟೆನೆಸಿಯ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಒಫೀಲಿಯಾ ಸೆಟಲ್ ಈ ಕೆಲಸ ಶುರು ಮಾಡಿದರು. ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮಾತ್ರ ಸರ್ಕಾರದ ದುಡ್ಡಿನಲ್ಲಿ.

1930ರ ದಶಕ ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಇಲ್ಲದವರಿಗೆ ಕೆಲಸ ಕೊಡಲು ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಹಲವು ಯೋಜನೆ ತಂದಿತು. ಕೆಲವರಿಗೆ ರಸ್ತೆ ಕೆಲಸ, ಕೆಲವರಿಗೆ ಕಟ್ಟಡದ ಕೆಲಸ. ಕೆಲಸ ಕಳೆದುಕೊಂಡ ಬರಹಗಾರರು, ಪತ್ರಕರ್ತರು, ಮೇಷ್ಟ್ರುಗಳಿಗಾಗಿ 1935ರಲ್ಲಿ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಶುರುವಾಯಿತು. ಫ್ಲೋರಿಡಾದಲ್ಲಿ ಅದರ ಕೆಲಸಗಾರರು ಹಿಂದೆ ಗುಲಾಮರಾಗಿದ್ದ ಮುದುಕರನ್ನು ಮಾತಾಡಿಸಿ ಬರೆದು ಕಳಿಸಿದರು. ಜಾನಪದ ಸಲಹೆಗಾರ ಜಾನ್ ಲೋಮ್ಯಾಕ್ಸ್ ಅದನ್ನು ಓದಿ, 1937ರ ಏಪ್ರಿಲ್‌ನಲ್ಲಿ ಬೇರೆ ರಾಜ್ಯಗಳಿಗೂ ಒಂದು ಪ್ರಶ್ನಾವಳಿ ಕಳಿಸಿದ. ಎಲ್ಲಿ ಹುಟ್ಟಿದಿರಿ? ಏನು ತಿನ್ನುತ್ತಿದ್ದಿರಿ? ಯಾರಾದರೂ ಓದಲು ಕಲಿಸಿದರಾ? ಶಿಕ್ಷೆ ಹೇಗಿರುತ್ತಿತ್ತು? ಬಿಡುಗಡೆಯ ಸುದ್ದಿ ಬಂದ ದಿನ ಏನಾಯಿತು? 1936ರಿಂದ 1938ರವರೆಗೆ 17 ರಾಜ್ಯಗಳಲ್ಲಿ ಈ ಸಂದರ್ಶನಗಳು ನಡೆದವು. ಸುಮಾರು 500 ಫೋಟೊಗಳೂ ಸೇರಿದವು. 1941ರಲ್ಲಿ ಎಲ್ಲವನ್ನೂ 17 ಸಂಪುಟಗಳಾಗಿ ಕಟ್ಟಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಟ್ಟರು.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಕೇಳಲು ಹೋದವರಲ್ಲಿ ಹೆಚ್ಚಿನವರು ಬಿಳಿಯರು, ಅದೇ ದಕ್ಷಿಣದ ಊರುಗಳವರು. ಫ್ಲೋರಿಡಾ, ವರ್ಜೀನಿಯಾ, ಲೂಸಿಯಾನಾದಂಥ ಕೆಲವೇ ಕಡೆ ಕಪ್ಪು ಸಂದರ್ಶಕರ ತಂಡಗಳಿದ್ದವು.

ಏನನ್ನು ನೆನಪಿಸಿಕೊಂಡರು?

ದೊಡ್ಡ ಇತಿಹಾಸದ ಪುಸ್ತಕಗಳಲ್ಲಿ ಸಿಗದ ಚಿಕ್ಕ ಚಿಕ್ಕ ಸಂಗತಿಗಳು ಇಲ್ಲಿ ಸಿಗುತ್ತವೆ. ಮರದ ದೋಣಿಯಂಥ ಉದ್ದನೆಯ ತೊಟ್ಟಿಗೆ ಗಂಜಿಯನ್ನೋ ಹಾಲನ್ನೋ ಸುರಿದರೆ ಮಕ್ಕಳೆಲ್ಲ ಸುತ್ತ ಕೂತು ಕೈಯಲ್ಲೋ ಕಪ್ಪೆಚಿಪ್ಪಿನಲ್ಲೋ ಎತ್ತಿ ತಿನ್ನುತ್ತಿದ್ದರು. ತೋಟದಿಂದ ಹೊರಗೆ ಕಾಲಿಡಬೇಕಾದರೆ ಯಜಮಾನ ಬರೆದುಕೊಟ್ಟ ಚೀಟಿ ಬೇಕು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ರಾತ್ರಿ ಗಸ್ತಿನವರ ಚಾಟಿ.

ನನ್ನನ್ನು ಹಿಡಿದು ನಿಲ್ಲಿಸುವ ವಿವರ ಕಬ್ಬಿಣದ ಹಂಡೆಯದು. ರಾತ್ರಿ ಗುಡಿಸಲಿನಲ್ಲಿ ಸೇರಿ ಗುಟ್ಟಾಗಿ ಪ್ರಾರ್ಥನೆ ಮಾಡುವಾಗ, ಹಾಡುವಾಗ, ಬಾಗಿಲ ಹತ್ತಿರ ಬಟ್ಟೆ ಒಗೆಯುವ ದೊಡ್ಡ ಹಂಡೆಯನ್ನು ಬೋರಲು ಹಾಕುತ್ತಿದ್ದರಂತೆ. ಸದ್ದು ಹಂಡೆಯೊಳಗೆ ಹೋಗುತ್ತದೆ, ದೊಡ್ಡಮನೆಗೆ ಕೇಳಿಸುವುದಿಲ್ಲ ಎಂಬ ನಂಬಿಕೆ. ಒಬ್ಬರಲ್ಲ, ಇಬ್ಬರಲ್ಲ. ಒಬ್ಬರಿಗೊಬ್ಬರು ಗುರುತೇ ಇಲ್ಲದ, ಬೇರೆ ಬೇರೆ ರಾಜ್ಯಗಳ ಎಷ್ಟೋ ಮುದುಕರು ಇದನ್ನೇ ಹೇಳಿದ್ದಾರೆ. ಹಂಡೆ ಸದ್ದನ್ನು ನಿಜವಾಗಿ ತಡೆಯುತ್ತಿತ್ತಾ ಅನ್ನುವುದು ಬೇರೆ ವಿಷಯ. ದೇವರ ಮುಂದೆ ಬಾಯಿ ಬಿಡಲೂ ಎಷ್ಟು ಹೆದರಿಕೆ ಇತ್ತು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.

ಅಲಬಾಮಾದ ಮಾಂಟ್ಗಮರಿಯಲ್ಲಿದ್ದ ಡೆಲಿಯಾ ಗಾರ್ಲಿಕ್ ಎಂಬ ಅಜ್ಜಿಗೆ ಆಗ ನೂರು ವರ್ಷ. ತಾಯಿಯ ಎದೆಯಿಂದ ಎಳೆಮಗುವನ್ನು ಕಿತ್ತು ವ್ಯಾಪಾರಿಗಳಿಗೆ ಮಾರುತ್ತಿದ್ದರು, ಅಣ್ಣ ತಂಗಿಯರನ್ನು ಬೇರೆ ಮಾಡಿದರೆ ಮತ್ತೆ ಮುಖ ನೋಡಿದ್ದೇ ಇಲ್ಲ ಎಂದಳು. ಆಮೇಲೆ ಅವಳು ಆಡಿದ ಮಾತಿನ ಸಾರ ಹೀಗಿದೆ: ದಿನವಿಡೀ ಹೇಳಬಲ್ಲೆ, ಆದರೂ ಅದರ ಘೋರ ಎಂಥದ್ದು ಅಂತ ನಿಮಗೆ ಊಹಿಸೋಕೂ ಆಗಲ್ಲ.

ಒಬ್ಬಳೇ ಅಜ್ಜಿ, ಎರಡು ಕತೆ

ಈಗ ಗೊಂದಲದ ಬುಡಕ್ಕೆ ಬರೋಣ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಪಟ್ಟಣದ ಹೆನ್ರಿಯೆಟ್ಟಾ ಬೀದಿಯಲ್ಲಿ ಸೂಸನ್ ಹ್ಯಾಮ್ಲಿನ್ ಎಂಬ ಅಜ್ಜಿ ಇದ್ದಳು. ಅವಳನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದರು. ಎರಡೂ ಬರಹ ಉಳಿದಿವೆ.

ಒಬ್ಬಳು ಜೆಸ್ಸಿ ಬಟ್ಲರ್, ಬಿಳಿಯ ಹೆಂಗಸು. ಜುಲೈ 6ರಂದು ಹೋದಾಗ ಅಜ್ಜಿ ಮುಂಬಾಗಿಲ ಒಳಗಡೆ ಮೆಟ್ಟಿಲ ಮೇಲೆ ಕೂತಿದ್ದಳು. ಬಂದವಳು ಸರ್ಕಾರಿ ನೆರವಿನ ಆಫೀಸಿನವಳು ಅಂದುಕೊಂಡಳು, ಏಕೆಂದರೆ ಆ ಆಫೀಸಿನಿಂದ ಅವಳಿಗೆ ಮೊದಲು ಸಹಾಯ ಸಿಗುತ್ತಿತ್ತು. ಆ ತಪ್ಪು ತಿಳಿವಳಿಕೆಯನ್ನು ತಾನು ತಿದ್ದಲಿಲ್ಲ ಎಂದು ಬಟ್ಲರ್ ತಾನೇ ಬರೆದಿದ್ದಾಳೆ. ಅಜ್ಜಿ "ಹೌದಮ್ಮಾವ್ರೇ" ಎನ್ನುತ್ತಾ ಮಾತು ಶುರು ಮಾಡಿದಳು. ಯಜಮಾನ ಫುಲ್ಲರ್ ಒಳ್ಳೆಯ ಮನುಷ್ಯ, ಅವನ ಹೆಂಡತಿ ಕಡೆಯವರೂ ದೊಡ್ಡ ಮನಸ್ಸಿನವರು. ಗುಲಾಮರಿಗೆ ಒಳ್ಳೆಯದು ಮಾಡೋಕೆಂದೇ ಅವನು ಗುಲಾಮರನ್ನು ಇಟ್ಟುಕೊಂಡಿದ್ದನೇನೋ ಅನ್ನಿಸುತ್ತಿತ್ತು ಎಂದಳು.

ಇನ್ನೊಬ್ಬ ಅಗಸ್ಟಸ್ ಲ್ಯಾಡ್ಸನ್, ಕಪ್ಪು ಯುವಕ. ಅವನನ್ನು ಅಜ್ಜಿ "ಮಗಾ" ಎಂದು ಕರೆದಳು. ಅವನಿಗೆ ಹೇಳಿದ್ದೇ ಬೇರೆ. ಹಗಲು ರಾತ್ರಿ ಗಂಡಸರು ಹೆಂಗಸರು ಕಿರುಚುವುದು ಕೇಳುತ್ತಿತ್ತು, ಏಕೆಂದರೆ ಅಪ್ಪನನ್ನೋ ಅಮ್ಮನನ್ನೋ ತಮ್ಮನನ್ನೋ ಹೇಳದೆ ಕೇಳದೆ ಎಳೆದೊಯ್ದು ಮಾರುತ್ತಿದ್ದರು. ಒಂದು ರಾತ್ರಿ ಒಂದು ಜೋಡಿಗೆ ಮದುವೆಯಾಯಿತು. ಬೆಳಗಾಗುತ್ತಲೇ ಯಜಮಾನ ಹುಡುಗಿಯನ್ನು ಮಾರಿಬಿಟ್ಟ. ಅವಳ ತಾಯಿ ಬೀದಿಗೆ ಬಂದು ಬಾಯಿಗೆ ಬಂದ ಹಾಗೆ ಬೈದಳು. ಬಿಳಿಯರು ಅಮೆರಿಕದ ಮೂಲನಿವಾಸಿಗಳಾದ ಇಂಡಿಯನ್ನರನ್ನು ಅವರ ನೆಲದಿಂದಲೇ ಓಡಿಸಿದರು ಎಂಬ ಸಿಟ್ಟಿನ ಮಾತೂ ಈ ಸಂದರ್ಶನದಲ್ಲಿದೆ. ಬಟ್ಲರ್ ಎದುರು ಅದು ಹೊರಡುವುದು ಸಾಧ್ಯವಿತ್ತಾ?

ಹಾಗಾದರೆ ಅಜ್ಜಿ ಸುಳ್ಳು ಹೇಳಿದಳಾ?

ನಮ್ಮೂರಿನ ಒಬ್ಬ ಅಜ್ಜಿಯನ್ನು ನೆನೆಸಿಕೊಳ್ಳಿ. ವೃದ್ಧಾಪ್ಯ ವೇತನ ಎರಡು ತಿಂಗಳಿಂದ ಬಂದಿಲ್ಲ. ಒಂದು ದಿನ ಊರ ಗೌಡರ ಮೊಮ್ಮಗ ಕೈಯಲ್ಲಿ ಫೈಲು ಹಿಡಿದು ಬಂದು, "ಅಜ್ಜಿ, ನಮ್ಮ ತಾತ ನಿನ್ನ ಹೇಗೆ ನೋಡ್ಕೋತಿದ್ರು?" ಎಂದು ಕೇಳುತ್ತಾನೆ. ಅವಳು ಏನು ಹೇಳಿಯಾಳು? "ದೇವರಂಥವರು ಕಣಪ್ಪಾ" ಅಂತಾಳೆ, ಅಲ್ವಾ? ಬದುಕು ಅವಳಿಗೆ ಕಲಿಸಿದ ಎಚ್ಚರ ಅದು.

1937ರ ದಕ್ಷಿಣದಲ್ಲಿ ಈ ಎಚ್ಚರಕ್ಕೆ ಕಾರಣ ಇನ್ನೂ ಜಾಸ್ತಿ ಇತ್ತು. ಶಾಲೆ, ಬಸ್ಸು, ಹೋಟೆಲು ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಎದುರು ಮಾತಾಡಿದ ಕಪ್ಪು ಮನುಷ್ಯನನ್ನು ಗುಂಪುಗೂಡಿ ಕೊಲ್ಲುವುದೂ ನಿಂತಿರಲಿಲ್ಲ. ಕೇಳಲು ಬಂದವರು ಎಷ್ಟೋ ಸಲ ಹಳೆಯ ಯಜಮಾನರ ಕಡೆಯವರಿಗೆ ಗೊತ್ತಿದ್ದವರೇ. ಮನೆಯಲ್ಲಿ ಊಟಕ್ಕೆ ಕಷ್ಟ. ಪಿಂಚಣಿ ಕೊಡಿಸುವವರು ಇವರೇ ಇರಬಹುದು ಎಂಬ ಆಸೆ.

ಇದನ್ನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದ 90 ವರ್ಷದ ಮಾರ್ಟಿನ್ ಜಾಕ್ಸನ್ ತಾನೇ ಬಿಡಿಸಿ ಹೇಳಿದ್ದಾನೆ. ಎಷ್ಟೋ ಹಳೆಯ ಗುಲಾಮರು ಗುಲಾಮಗಿರಿಯ ನಿಜ ಹೇಳುವ ಮೊದಲು ಬಾಗಿಲು ಮುಚ್ಚುತ್ತಾರೆ. ಬಾಗಿಲು ತೆರೆದಿದ್ದಾಗ ಯಜಮಾನ ಎಷ್ಟು ಕರುಣಾಳು, ಎಲ್ಲ ಎಷ್ಟು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಸಾವಿರಾರು ಪುಟಗಳ ಈ ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ ಎಂದು ನನಗನ್ನಿಸುತ್ತದೆ. ಅದನ್ನು ಕೊಟ್ಟದ್ದು ಯಾವ ಪ್ರೊಫೆಸರೂ ಅಲ್ಲ.

ಮಾರ್ಟಿನ್‌ನ ಅಪ್ಪನ ಮಾತೂ ಅಷ್ಟೇ ಮುಖ್ಯ. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ದಿನಗಳಲ್ಲಿ ಅಪ್ಪ ಮಗನಿಗೆ ಬುದ್ಧಿ ಹೇಳುತ್ತಿದ್ದನಂತೆ. ಈ ಯುದ್ಧ ಶಾಶ್ವತವಾಗಿ ನಡೆಯುವುದಿಲ್ಲ, ಆದರೆ ದಕ್ಷಿಣದವರು ಸೋತ ಮೇಲೂ ನಾವು ಶಾಶ್ವತವಾಗಿ ಬಾಳಬೇಕಾದದ್ದು ಅವರ ನಡುವೆಯೇ. 70 ವರ್ಷ ಆದ ಮೇಲೂ ಸೂಸನ್ ಹ್ಯಾಮ್ಲಿನ್ ಬಾಳುತ್ತಿದ್ದದ್ದು ಅವರ ನಡುವೆಯೇ.

ವಯಸ್ಸಿನ ಲೆಕ್ಕ

ಇನ್ನೊಂದು ಸರಳ ಲೆಕ್ಕ. 1937ರಲ್ಲಿ 85 ವರ್ಷ ಆದವರಿಗೆ 1865ರಲ್ಲಿ 13 ವರ್ಷ. ಅಂದರೆ ಮಾತಾಡಿದವರಲ್ಲಿ ಹೆಚ್ಚಿನವರು ಗುಲಾಮಗಿರಿಯನ್ನು ಕಂಡದ್ದು ಮಕ್ಕಳಾಗಿ. ನೀರು ಹೊರುವುದು, ಊಟದ ಮೇಜಿನ ನೊಣ ಓಡಿಸುವುದು, ಇನ್ನೂ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಹತ್ತಿಯ ಹೊಲದಲ್ಲಿ ಬೆನ್ನು ಮುರಿಯುವ ದುಡಿತದ ಪೂರ್ತಿ ಭಾರ ಬಿದ್ದದ್ದು ಅವರ ಅಪ್ಪ ಅಮ್ಮಂದಿರ ಮೇಲೆ. ಅವರು 1937ರ ಹೊತ್ತಿಗೆ ಬದುಕಿರಲಿಲ್ಲ. ಹಾಗಾಗಿ ಈ ಸಂಗ್ರಹದಲ್ಲಿ ಕಾಣುವ ಗುಲಾಮಗಿರಿ ಇದ್ದದ್ದಕ್ಕಿಂತ ಸ್ವಲ್ಪ ಮೆತ್ತಗೆ ಕಾಣುವುದು ಸಹಜ.

"ಆಗ ಹೊಟ್ಟೆ ತುಂಬ ಊಟವಾದರೂ ಇತ್ತು" ಎಂಬ ಮಾತು ಹಲವು ಕಡೆ ಬರುತ್ತದೆ. ಅದನ್ನು ಹೇಳಿದ್ದು ಆರ್ಥಿಕ ಕುಸಿತದ ಮಧ್ಯೆ, ಹಸಿದ ಮುದುಕರು. ಅದರಲ್ಲಿ 1860ರ ಬಗ್ಗೆ ಇರುವಷ್ಟೇ 1937ರ ಬಗ್ಗೆಯೂ ಇದೆ.

ಬರೆದುಕೊಂಡವರ ಕೈ

ಹೆಚ್ಚಿನ ಸಂದರ್ಶನಗಳಲ್ಲಿ ರೆಕಾರ್ಡರ್ ಇರಲಿಲ್ಲ. ಕೇಳಿ, ಟಿಪ್ಪಣಿ ಮಾಡಿಕೊಂಡು, ಆಮೇಲೆ ಟೈಪ್ ಮಾಡಿದ್ದು. ಓದಿದಾಗ ಕಣ್ಣಿಗೆ ಹೊಡೆಯುವುದು ವಿಚಿತ್ರ ಸ್ಪೆಲಿಂಗ್. ಆಡುಮಾತು ಹೇಗೆ ಕೇಳಿಸುತ್ತದೋ ಹಾಗೆ ಬರೆಯಲು ಹೊರಟು, ಕೆಲವು ಬರಹಗಾರರು ಕಪ್ಪು ಜನರ ಮಾತನ್ನು ಬೇಕೆಂದೇ ವಿಕಾರ ಮಾಡಿದಂತೆ ಕಾಣುತ್ತದೆ. ಯೋಜನೆಯಲ್ಲಿ ಕಪ್ಪು ಜನರ ವಿಷಯದ ಸಂಪಾದಕನಾಗಿದ್ದ ಕವಿ ಸ್ಟರ್ಲಿಂಗ್ ಬ್ರೌನ್ ಇದನ್ನು ಕಂಡು ಸೂಚನೆ ಕಳಿಸಿದ. ಉಚ್ಚಾರವನ್ನು ಅಕ್ಷರಕ್ಕೆ ಅಕ್ಷರ ಹಿಡಿಯುವುದಕ್ಕಿಂತ ನುಡಿಗಟ್ಟನ್ನು ನಿಜವಾಗಿ ಹಿಡಿಯುವುದು ಮುಖ್ಯ ಎಂಬುದು ಅದರ ಸಾರ. ಎಲ್ಲರೂ ಪಾಲಿಸಲಿಲ್ಲ.

ಕತ್ತರಿಯೂ ಆಡಿತು. ಟೆಕ್ಸಸ್‌ನಿಂದ ವಾಷಿಂಗ್ಟನ್ನಿಗೆ ಹೋದ ಎಷ್ಟೋ ಸಂದರ್ಶನಗಳನ್ನು ತಿದ್ದಿ ಮೊಟಕು ಮಾಡಲಾಗಿತ್ತು. ಮಿಸಿಸಿಪ್ಪಿಯ ಬಹುಪಾಲು ಬರಹಗಳು ರಾಜ್ಯದ ಕಡತಗಳಲ್ಲೇ ಉಳಿದವು. ಇತಿಹಾಸಕಾರ ಜಾರ್ಜ್ ರಾವಿಕ್ ಅವನ್ನು ಹುಡುಕಿ ತೆಗೆದು, 1972ರಿಂದ 1979ರ ನಡುವೆ ಎಲ್ಲ ಸೇರಿಸಿ 41 ಸಂಪುಟಗಳನ್ನು ಪ್ರಕಟಿಸಿದ. ಅದಕ್ಕೂ ಮೊದಲು ಹೆಚ್ಚಿನ ಇತಿಹಾಸಕಾರರು ಈ ಮುದುಕರ ಮಾತನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಾಲೀಕರ ಡೈರಿ, ಲೆಕ್ಕದ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದರು. ಮಾಲೀಕನ ಡೈರಿಗೂ ಅದರದೇ ಪಕ್ಷಪಾತ ಇರುತ್ತದೆ. ಅದನ್ನು ಮಾತ್ರ ಯಾಕೆ ಕಣ್ಣುಮುಚ್ಚಿ ನಂಬಬೇಕಿತ್ತು?

ಬಿಡುಗಡೆಯ ಮರುದಿನ

ಬಿಡುಗಡೆ ಬಂತು, ಎಲ್ಲ ಸರಿಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಸ್ಯಾನ್ ಆಂಟೋನಿಯೊದ ಇನ್ನೊಬ್ಬ ಮುದುಕ ಫೆಲಿಕ್ಸ್ ಹೇವುಡ್ ಇದರ ಬಗ್ಗೆ ಬಹಳ ಸ್ಪಷ್ಟವಾಗಿ ಮಾತಾಡಿದ್ದಾನೆ. ಸುದ್ದಿ ಬಂದಾಗ ಎಲ್ಲರೂ ಹಾಡಿದರು, ಕುಣಿದರು. ಬಿಡುಗಡೆ ಬಂತು ಅಂತ ಗೊತ್ತಿತ್ತು, ಅದರ ಜೊತೆ ಏನು ಬರುತ್ತದೆ ಅಂತ ಗೊತ್ತಿರಲಿಲ್ಲ. ಬಿಳಿಯರ ಹಾಗೆ ನಾವೂ ಶ್ರೀಮಂತರಾಗುತ್ತೇವೆ ಅಂದುಕೊಂಡಿದ್ದರಂತೆ. ಬಿಡುಗಡೆ ಜನರಿಗೆ ಹೆಮ್ಮೆ ಕೊಡಬಲ್ಲದು, ಆದರೆ ಶ್ರೀಮಂತರನ್ನಾಗಿ ಮಾಡಲಾರದು ಎಂದು ಬೇಗ ಗೊತ್ತಾಯಿತು ಎನ್ನುತ್ತಾನೆ.

ಟೆಕ್ಸಸ್‌ನವರು ಬಿಡುಗಡೆಗಾಗಿ ಉತ್ತರಕ್ಕೆ ಓಡಬೇಕಿರಲಿಲ್ಲ ಎಂದೂ ಅವನು ಹೇಳುತ್ತಾನೆ. ದಕ್ಷಿಣಕ್ಕೆ ನಡೆದು ರಿಯೊ ಗ್ರಾಂಡೆ ನದಿ ದಾಟಿದರೆ ಮೆಕ್ಸಿಕೊ. ಅಲ್ಲಿ ಗುಲಾಮಗಿರಿ ಇರಲಿಲ್ಲ. ಗುಲಾಮರು ಉತ್ತರದ ಕಡೆಗೇ ಓಡುತ್ತಿದ್ದರು ಎಂದು ಓದಿಕೊಂಡ ನಮಗೆ ಇದು ಹೊಸ ದಿಕ್ಕು.

ಹೆಸರಿನ ಪ್ರಶ್ನೆಯೂ ಎದ್ದಿತು. ಬಿಡುಗಡೆಯಾದವರಲ್ಲಿ ಅನೇಕರು ಯಜಮಾನನ ಮನೆತನದ ಹೆಸರನ್ನೇ ಇಟ್ಟುಕೊಂಡರು. ಮಾರ್ಟಿನ್ ಮಾತ್ರ ಹಾಗೆ ಮಾಡಲಿಲ್ಲ. ಆಫ್ರಿಕದಲ್ಲಿದ್ದ ತನ್ನ ಹಿರಿಯನೊಬ್ಬನ ಹೆಸರಿಗೆ ದನಿಯಲ್ಲಿ ಹತ್ತಿರ ಎಂದು ಜಾಕ್ಸನ್ ಎಂಬ ಹೆಸರು ಆರಿಸಿಕೊಂಡ.

ದನಿ ಉಳಿದವರು

ಕೆಲವರ ಮಾತಿಗೆ ಯಾರ ಪೆನ್ನೂ ಅಡ್ಡ ಬಂದಿಲ್ಲ. 1932ರಿಂದ 1975ರ ನಡುವೆ ರೆಕಾರ್ಡ್ ಆದ 23 ಜನರ ದನಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಒಟ್ಟು ಸುಮಾರು ಏಳು ಗಂಟೆಯಷ್ಟು. ಅದರಲ್ಲಿ ಮೊದಲು ಕೇಳಬೇಕಾದದ್ದು ಫೌಂಟನ್ ಹ್ಯೂಸ್. 1949ರ ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ರೆಕಾರ್ಡ್ ಆದಾಗ ಅವನಿಗೆ 101 ವರ್ಷ. ಅವನ ಅಜ್ಜ ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆಯ ಗುಲಾಮ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಬರೆದ ಅದೇ ಜೆಫರ್ಸನ್.

ಕುದುರೆ, ದನ, ಹಂದಿಗಳನ್ನು ಮಾರುವ ಹಾಗೆ ನಮ್ಮನ್ನು ಮಾರುತ್ತಿದ್ದರು, ಬೆಂಚಿನ ಮೇಲೆ ನಿಲ್ಲಿಸಿ ಹರಾಜು ಕೂಗುತ್ತಿದ್ದರು ಎನ್ನುತ್ತಾನೆ. ಬಿಡುಗಡೆಯಾದ ಮೇಲೂ ದನ ಬಿಟ್ಟ ಹಾಗೆ ಬಿಟ್ಟರು, ಹೋಗಲು ಜಾಗವಿರಲಿಲ್ಲ ಎನ್ನುತ್ತಾನೆ. ಮತ್ತೆ ಗುಲಾಮನಾಗಬೇಕಾಗಿ ಬಂದರೆ ಏನು ಮಾಡುತ್ತೀಯ ಎಂಬ ಮಾತು ಬಂದಾಗ, ಬಂದೂಕು ತೆಗೆದುಕೊಂಡು ಅಲ್ಲೇ ಎಲ್ಲ ಮುಗಿಸಿಕೊಳ್ಳುತ್ತೇನೆ, ಏಕೆಂದರೆ ಗುಲಾಮ ಅಂದರೆ ಒಂದು ನಾಯಿ ಅಷ್ಟೇ ಎನ್ನುತ್ತಾನೆ. ದನಿ ಏರುವುದಿಲ್ಲ. ಹವಾಮಾನದ ಬಗ್ಗೆ ಮಾತಾಡಿದಷ್ಟೇ ಸಮಾಧಾನವಾಗಿ ಹೇಳುತ್ತಾನೆ.

ಓದಲು ಕೂತರೆ

ಬರಹಗಳು, ಫೋಟೊಗಳು, ದನಿಗಳು ಮೂರೂ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸಂಪುಟಗಳು ರಾಜ್ಯವಾರು ಇವೆ. ಅರ್ಕಾನ್ಸಾಸ್‌ನದ್ದೇ ಎಲ್ಲಕ್ಕಿಂತ ದೊಡ್ಡದು, ಒಟ್ಟು ಸಂಗ್ರಹದ ಮೂರನೇ ಒಂದು ಭಾಗದ ಹತ್ತಿರ. ಪುಟ ತೆರೆದ ಕೂಡಲೇ ಕತೆಗೆ ಹಾರಬೇಡಿ. ಮೇಲಿರುವ ಸಂದರ್ಶಕರ ಹೆಸರು, ಊರು, ಮುದುಕರ ವಯಸ್ಸು ನೋಡಿ. 1865ರಲ್ಲಿ ಅವರಿಗೆಷ್ಟು ವರ್ಷ ಎಂದು ಲೆಕ್ಕ ಹಾಕಿ. ಹೊಗಳಿಕೆ ಬಂದಾಗ ಅದರ ಮುಂದಿನ ಸಾಲನ್ನು ನಿಧಾನವಾಗಿ ಓದಿ. "ಯಜಮಾನ ಒಳ್ಳೆಯವನು" ಎಂದ ಬೆನ್ನಿಗೇ ಪಕ್ಕದ ತೋಟದಲ್ಲಿ ನಡೆದ ಹೊಡೆತದ ಕತೆ ಬರುವುದು ಇಲ್ಲಿ ಬಹಳ ಸಾಮಾನ್ಯ. ಸ್ಪೆಲಿಂಗ್ ಕಷ್ಟವಾದರೆ ಗಟ್ಟಿಯಾಗಿ ಓದಿಕೊಳ್ಳಿ, ಅರ್ಧ ಅಲ್ಲೇ ಬಿಡಿಸಿಕೊಳ್ಳುತ್ತದೆ. ದಕ್ಷಿಣ ಕೆರೊಲಿನಾದ ಸಂಪುಟದಲ್ಲಿ ಸೂಸನ್ ಅಜ್ಜಿಯ ಹೆಸರು ಒಂದು ಕಡೆ ಹ್ಯಾಮ್ಲಿನ್ ಎಂದೂ ಇನ್ನೊಂದು ಕಡೆ ಹ್ಯಾಮಿಲ್ಟನ್ ಎಂದೂ ಇದೆ. ಎರಡೂ ಹೆಸರಿನಲ್ಲಿ ಹುಡುಕಿ.